ಬಿಚ್ಚಲು ಬರುವವರೇ ಕಟ್ಟಬೇಕು

ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಮ್ಮ ಸೀಮೆಯ ಹೆಸರು ಒಂದು ಸಾವಿನ ಜೊತೆ ಬರುತ್ತದೆ. ಕುಂತಲದ ದೊರೆ ಶಾತಕರ್ಣಿ ಶಾತವಾಹನ, ರತಿಯ ಆವೇಗದಲ್ಲಿ ‘ಕರ್ತರಿ’ ಎಂಬ ಏಟು ಹಾಕಿ ಪಟ್ಟದರಸಿ ಮಲಯವತಿಯನ್ನು ಕೊಂದನಂತೆ. ಕೃಷ್ಣೆಯ ಈ ದಂಡೆ, ಜಮಖಂಡಿ–ಚಿಕ್ಕಪಡಸಲಗಿಯ ನೆಲ, ಹಳೆಯ ಕುಂತಲದ್ದೇ. ಇಂಥ ಏಟುಗಳನ್ನು ದಕ್ಷಿಣದವರ ರೂಢಿಯೆಂದು ಹಳಿಯುವ ವಾತ್ಸ್ಯಾಯನ ಕಾರಣವನ್ನೂ ಕೊಡುತ್ತಾನೆ: ನಾಗಾಲೋಟದ ಕುದುರೆಗೆ ದಾರಿಯ ಹೊಂಡ ಕಾಣದು, ಕಾಮದ ಭರದಲ್ಲಿರುವವರಿಗೂ ಅಷ್ಟೇ. ಹಾಗಾಗಿ ಎದುರಿನವರ ಮೃದುತ್ವವನ್ನೂ ತನ್ನ ಬಲವನ್ನೂ ಅರಿತು ನಡೆಯಬೇಕು.

ಅದೇ ಅಧ್ಯಾಯದ ಇನ್ನೊಂದು ಮಾತು ಆ ಏಟಿಗಿಂತ ಅಪಾಯಕಾರಿ. ಬೇಡ, ಬಿಡು, ಸಾಕು ಎಂಬುವುಗಳನ್ನು ವಾತ್ಸ್ಯಾಯನ ಸುಖದ ಉದ್ಗಾರಗಳ ಸಾಲಿಗೆ ಸೇರಿಸುತ್ತಾನೆ. ಹಾಗಾದರೆ ನಿಜಕ್ಕೂ ಸಾಕಾದವಳು ಏನೆನ್ನಬೇಕು? ಶಾಸ್ತ್ರ ಹೇಳುವುದಿಲ್ಲ. ಮಲಯವತಿ ಏನೆಂದಳೋ, ಅದನ್ನೂ ಹೇಳುವುದಿಲ್ಲ.

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರು ಸಭ್ಯರು ಮೂಗು ಮುರಿಯುವ ಜನ: ಹಗ್ಗದಿಂದ ಕಟ್ಟುವುದರಲ್ಲಿ, ಕಟ್ಟಿಸಿಕೊಳ್ಳುವುದರಲ್ಲಿ ಸುಖ ಕಾಣುವವರು. ಜಪಾನಿನಲ್ಲಿ ಕೈದಿಗಳನ್ನು ಬಿಗಿಯುತ್ತಿದ್ದ ವಿದ್ಯೆಯ ನೆರಳಲ್ಲಿ ಬೆಳೆದ ‘ಶಿಬಾರಿ’ಗೆ ಇಂದು ಹಲವು ದೇಶಗಳಲ್ಲಿ ಪಾಠಗಳಿವೆ. ಅಲ್ಲಿ ಗಂಟು ಆಮೇಲೆ; ಏನಾಗಬಹುದು, ಏನು ಕೂಡದು ಎಂಬುದನ್ನು ಮೈ ಬಿಸಿಯಾಗುವ ಮುಂಚೆಯೇ ಮಾತಾಡಿಕೊಳ್ಳಬೇಕು. ಆಟಕ್ಕೆ ಸಂಬಂಧವಿಲ್ಲದ ಒಂದು ಪದ ಗೊತ್ತುಮಾಡಿಕೊಳ್ಳಬೇಕು. ಅದು ಬಾಯಿಂದ ಬಿದ್ದರೆ ಎಲ್ಲವೂ ನಿಲ್ಲಬೇಕು. ಹೆದರಿದವರಿಗೆ ಮಾತೇ ಹೊರಡದಿರಬಹುದು, ಆದ್ದರಿಂದ ಕಟ್ಟಿದವರು ಬೆರಳುಗಳನ್ನು ನೋಡುತ್ತಲೇ ಇರಬೇಕು. ಮೇಲ್ತೋಳಿನಲ್ಲಿ ರೇಡಿಯಲ್ ನರ ಮೂಳೆಗೆ ಒತ್ತಿಕೊಂಡೇ ಸಾಗುತ್ತದೆ. ಹಗ್ಗ ಅಲ್ಲಿ ಬಿಗಿದರೆ ಮುಂಗೈ ಎತ್ತಲಾಗದೆ ಜೋತುಬೀಳುತ್ತದೆ. ಸರಿಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದಕ್ಕೇ ಕೈಗೆಟುಕುವಲ್ಲಿ ಕತ್ತರಿ ಇಟ್ಟುಕೊಂಡೇ ಹಗ್ಗ ಮುಟ್ಟುವುದು. ದನದ ಕೊರಳಿಗೆ ಜೀರುಗುಣಿಕೆ ಹಾಕಬಾರದೆಂದು ಇಲ್ಲಿನ ಒಕ್ಕಲು ಮನೆಯ ಹುಡುಗನಿಗೆ ಗೊತ್ತು. ಮನುಷ್ಯರ ಮೈ ವಿಷಯದಲ್ಲಿ ಅಷ್ಟನ್ನೂ ಅವನಿಗೆ ಹೇಳಿದವರಿಲ್ಲ.

ಹೆಣ್ಣನ್ನು ತಲೆಮಾರುಗಳಿಂದ ಕಟ್ಟಿಹಾಕಿದ ಸಮಾಜದಲ್ಲಿ ಅವಳ ಒಪ್ಪಿಗೆಗೆ ಏನರ್ಥ ಎಂಬ ಆಕ್ಷೇಪ ಹಗುರವಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ರಾಣಿ ಅಮೃತಮತಿ ಮಾವುತನ ಹೊಡೆತ ತಿಂದೂ ಅವನನ್ನೇ ಬಯಸುತ್ತಾಳೆ. ಅದು ಇಚ್ಛೆಯೋ, ದಾಸ್ಯವೋ? ನಾನು ಕೇಳುವುದಿಷ್ಟೇ: ಅವಳು ಬೇಡವೆಂದಿದ್ದರೆ ಅವನ ಕೈ ನಿಲ್ಲುತ್ತಿತ್ತೇ? ಬೇಡ ಎಂದವರು ದಂಡ ತೆರಬೇಕಾದಲ್ಲಿ ಹೂಂ ಎಂದದ್ದಕ್ಕೆ ಬೆಲೆಯಿಲ್ಲ. ಈ ಅಳತೆಯಲ್ಲಿ ಎಷ್ಟೋ ಹಗ್ಗದಾಟಗಳೂ ಸೋಲುತ್ತವೆ, ಸೋಲಲಿ. ಆದರೆ ಹಗ್ಗಕ್ಕೆ ಹಿಡಿದ ಅಳತೆಯನ್ನು ತಾಳಿಗೂ ಹಿಡಿಯಬೇಕು.

ಅಲ್ಲಿ ನಮ್ಮ ಕಾನೂನೇ ಹಿಂದೆಗೆಯುತ್ತದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ಒಪ್ಪಲಿಲ್ಲ. ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮು, 18 ದಾಟಿದ ಹೆಂಡತಿಯ ವಿಷಯದಲ್ಲಿ ಗಂಡನಿಗಿದ್ದ ಹಳೆಯ ವಿನಾಯಿತಿಯನ್ನು ಉಳಿಸಿಕೊಂಡಿದೆ. ಅಂದರೆ ಅಕ್ಷತೆಯ ದಿನದ ಒಂದು ಒಪ್ಪಿಗೆ ಆಯುಷ್ಯಪೂರ್ತಿ ಸಾಲುತ್ತದೆ! ಹಗ್ಗ ಹಿಡಿದವರಾದರೋ ಪ್ರತಿ ಸಲವೂ ಕೇಳಲೇಬೇಕು.

ಕೇಳಿ ಮುಂದುವರಿಯುವುದನ್ನು, ಸಾಕೆಂದಾಗ ಮುನಿಯದೆ ನಿಲ್ಲುವುದನ್ನು ಜಮಖಂಡಿಯ ಕಾಲೇಜಿನಲ್ಲೂ ಕಲಿಸಬಹುದು. ಅದಕ್ಕೆ ಯಾರೂ ಹಗ್ಗ ತೋರಿಸಬೇಕಿಲ್ಲ.