ಕಾಣದ ಮಸಿಗೆ ಹೊಣೆ ಯಾರು?

ಕಾರ್ಕಳದ ಜೈನ ಮನೆಯಲ್ಲಿ ಹುಟ್ಟಿ, ಡೀಸೆಲ್ ಎಂಜಿನ್ನಿನ ಹೊಗೆ ಅಳೆಯುವ ಲ್ಯಾಬಿನಲ್ಲಿ ಸಂಬಳ ಎಣಿಸುವ ನನಗೆ ಒಂದು ಕಾಟ ತಪ್ಪಿದ್ದಲ್ಲ. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಕರ್ಮವೂ ಸೂಕ್ಷ್ಮ ಪುದ್ಗಲ (ಜಡದ್ರವ್ಯ), ನಿಮ್ಮ ಮೆಷಿನ್ ಎಣಿಸುವುದೂ ಸೂಕ್ಷ್ಮ ಪುದ್ಗಲ. ನಮ್ಮ ಆಚಾರ್ಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತಲ್ಲವಾ?" ಗೊತ್ತಿರಲಿಲ್ಲ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕರ್ಮದ 148 ಪ್ರಕೃತಿಗಳನ್ನು ವಿಂಗಡಿಸಿದ್ದು ಜೀವಕ್ಕೆ ಬಿದ್ದ ಕಟ್ಟನ್ನು ವಿವರಿಸಲು, ಸೈಲೆನ್ಸರ್ ಪರೀಕ್ಷೆಗಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಕಣ್ಣಿಗೆ ಕಾಣದ ಹಿಂಸೆಗೆ ಹೊಣೆ ಯಾರು?

ಎಣಿಕೆ ಹೇಗೆ ಎಂಬುದನ್ನು ಮೊದಲು ಹೇಳುತ್ತೇನೆ. ಹಿಂದೆ ಮಸಿಯನ್ನು ಫಿಲ್ಟರ್ ಕಾಗದದ ಮೇಲೆ ಹಿಡಿದು ತೂಗುತ್ತಿದ್ದರು. ಈಗಲೂ ತೂಗುತ್ತೇವೆ. ಆದರೆ ತಕ್ಕಡಿ ಯಾವತ್ತೂ ದೊಡ್ಡ ಕಣದ ಪಕ್ಷಪಾತಿ. ಒಂದು ಮೈಕ್ರಾನ್ ಅಡ್ಡಳತೆಯ ಒಂದೇ ಕಣ 100 ನ್ಯಾನೋಮೀಟರಿನ ಸಾವಿರ ಕಣಗಳಷ್ಟು ತೂಗುತ್ತದೆ. ಶ್ವಾಸಕೋಶದ ಆಳಕ್ಕೆ ಹೆಚ್ಚಾಗಿ ಇಳಿದು ಕೂರುವುದು ಮಾತ್ರ ಈ ಸಣ್ಣವೇ. ಹಾಗಾಗಿ ಎಣಿಸಬೇಕಾಯಿತು. ಹೊಗೆಗೆ ಶುದ್ಧ ಗಾಳಿ ಬೆರೆಸಿ ತೆಳುವಾಗಿಸಿ, 300 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು ಕಾಯಿಸಿ, ಆವಿಯಾಗುವುದನ್ನೆಲ್ಲ ಆವಿಯಾಗಿಸುತ್ತೇವೆ. ಉಳಿದ ಗಟ್ಟಿ ಕಣಗಳು ಬ್ಯುಟನಾಲ್ ಆವಿಯೊಳಗೆ ಹಾದು ತಣ್ಣಗಾಗುವಾಗ ಒಂದೊಂದರ ಮೇಲೂ ಹನಿ ಕಟ್ಟುತ್ತದೆ. ಹನಿಗೆ ತಗುಲಿದ ಲೇಸರ್ ಬೆಳಕು ಚದುರಿದಾಗೆಲ್ಲ ಲೆಕ್ಕ ಒಂದು ಏರುತ್ತದೆ.

2020ರ ಏಪ್ರಿಲ್‌ನಲ್ಲಿ ಬಂದ ಭಾರತ್ ಸ್ಟೇಜ್ 6 ನಿಯಮದಂತೆ ಡೀಸೆಲ್ ಕಾರು ಕಿಲೋಮೀಟರಿಗೆ 60,000 ಕೋಟಿ ಕಣ ಬಿಡಬಹುದು. ನಂಬಿ, ಇದು ಬಿಗಿಯಾದ ಮಿತಿ! ಅದೂ ಸುಮಾರು 23 ನ್ಯಾನೋಮೀಟರಿಗಿಂತ ದೊಡ್ಡವಷ್ಟೇ ಲೆಕ್ಕಕ್ಕೆ. ಯುರೋಪಿನ ಯೂರೋ 7 ಅದನ್ನು 10ಕ್ಕೆ ಇಳಿಸಿದೆ. 12 ನ್ಯಾನೋಮೀಟರಿನ ಕಣ ಮೊದಲೂ ಎದೆಯೊಳಗೆ ಹೋಗುತ್ತಿತ್ತು, ಕಾನೂನಿನ ಪುಸ್ತಕದಲ್ಲಿ ಮಾತ್ರ ಇರಲಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಹಿಂಸೆಯೆಂದರೇನೆಂದು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯ ಇನ್ನೂ ಖಡಾಖಂಡಿತ: ಎಚ್ಚರದಿಂದ ನಡೆದವನ ಕಾಲಡಿ ಜೀವ ಹೋದರೂ ಅದು ಹಿಂಸೆಯಲ್ಲ, ಎಚ್ಚರಗೆಟ್ಟು ನಡೆದವನಿಂದ ಒಂದು ಜೀವವೂ ಹೋಗದಿದ್ದರೂ ಅದು ಹಿಂಸೆಯೇ. ನಮ್ಮಜ್ಜಿ ಬಾವಿ ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯನ್ನು ತಿರುಗಿಸಿ ಅದೇ ಬಾವಿಗೆ ನೀರು ಬಿಡುತ್ತಿದ್ದರು, ಸಿಕ್ಕ ಜೀವಗಳು ತಮ್ಮ ನೀರಿಗೇ ಮರಳಲಿ ಎಂದು. ಬಟ್ಟೆಯಿಂದ ನುಸುಳಿಹೋದವುಗಳ ಚಿಂತೆ ಅವರಿಗಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಇನ್ನೂ ಒತ್ತಾದ ನೇಯ್ಗೆಯ ಬಟ್ಟೆ ಕೈಗೆ ಬಂದ ಮೇಲೂ ಹಳೆಯದರಲ್ಲೇ ಗಾಳಿಸಿದರೆ?

ನನ್ನ ಪರಿಚಯದವರೊಬ್ಬರು ಸೂರ್ಯ ಮುಳುಗಿದ ಮೇಲೆ ಒಂದಗುಳು ಮುಟ್ಟುವವರಲ್ಲ. ಕಾರಿನ ಡಿಪಿಎಫ್ ದೀಪ ಪದೇಪದೇ ಉರಿಯುತ್ತದೆಂದು, ಮಸಿ ಹಿಡಿಯುವ ಆ ಫಿಲ್ಟರನ್ನೇ ತೆಗೆಸಿಹಾಕಿದರು. "ಹೊಗೆಯೇ ಕಾಣುವುದಿಲ್ಲ ಮಾರಾಯ, ಎಮಿಷನ್ ಟೆಸ್ಟೂ ಪಾಸಾಗಿದೆ" ಎಂದರು. ಪಾಸಾಗದೆ ಏನು? ಅಲ್ಲಿರುವುದು ಸ್ಮೋಕ್ ಮೀಟರ್. ಹೊಗೆ ಎಷ್ಟು ಬೆಳಕನ್ನು ತಡೆಯಿತು ಎಂದಷ್ಟೇ ಅದು ನೋಡುತ್ತದೆ. ಕಾಣುವ ಬೆಳಕಿನ ಅಲೆಯ ಉದ್ದವೇ 400 ನ್ಯಾನೋಮೀಟರಿನಿಂದ ಶುರು. 50, 60 ನ್ಯಾನೋಮೀಟರಿನ ಕಣ ಅದನ್ನು ತಡೆಯುವುದು ತೀರ ಅಲ್ಪ. ಅದಕ್ಕೇ ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಲ್ಲಿ ವಾಹನ ತಪಾಸಣೆಗೇ ಕಣ ಎಣಿಸುವ ಯಂತ್ರ ತಂದವು. ಜರ್ಮನಿಯಲ್ಲಿ ಒಂದು ಘನ ಸೆಂಟಿಮೀಟರ್ ಹೊಗೆಯಲ್ಲಿ 2.5 ಲಕ್ಷ ಕಣ ಮೀರಿದರೆ ಗಾಡಿ ಫೇಲು.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿಯಾಗಿದೆ. ಅಳೆಯಲು ಬಾರದ ಕಾಲದಲ್ಲಿ ಗಾಡಿ ಓಡಿಸಿದವರನ್ನು ನಾನು ದೂರುವುದಿಲ್ಲ. ಅಳತೆ ಬಂದ ಮೇಲೆ ಫಿಲ್ಟರ್ ಕಿತ್ತವರದು ಪ್ರಮಾದ. ಸರ್ಟಿಫಿಕೇಟು ಅದನ್ನು ತೊಳೆಯದು, ಸಂಜೆಯ ಉಪವಾಸವೂ ತೊಳೆಯದು. ಅವರಿಗೆ ಇದನ್ನೇ ಹೇಳಿದೆ. ಅವರು ಈಗ ನನ್ನೊಡನೆ ಧರ್ಮದ ಮಾತಾಡುವುದನ್ನು ಬಿಟ್ಟಿದ್ದಾರೆ.

ನಮ್ಮ ಎಮಿಷನ್ ಟೆಸ್ಟ್ ಕೇಂದ್ರಗಳಿಗೂ ಎಣಿಸುವ ಯಂತ್ರ ಬರಬೇಕು. ಅಲ್ಲಿಯವರೆಗೆ ಡೀಸೆಲ್ ಕಾರಿರುವವರಲ್ಲಿ ಒಂದು ವಿನಂತಿ: ಡಿಪಿಎಫ್ ದೀಪ ಉರಿದರೆ ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿ, ಶಾಖಕ್ಕೆ ಒಳಗಿನ ಮಸಿ ಸುಟ್ಟುಹೋಗುತ್ತದೆ. ಆಗಲೂ ದೀಪ ಆರದಿದ್ದರೆ ಗ್ಯಾರೇಜಿಗೆ ಒಯ್ದು ಸರಿಮಾಡಿಸಿ. ತೆಗೆಸಬೇಡಿ.