ಯಾರ ನಿದ್ದೆಗೆ ಮಾತ್ರೆ?

ರಾತ್ರಿ ಎರಡೂವರೆಗೆ ಅಡುಗೆಮನೆಯಲ್ಲಿ ಲೋಟದ ಸದ್ದಾದರೆ ನಮ್ಮ ಮನೆಯಲ್ಲಿ ಯಾರೂ ಬೆಕ್ಕು ಬಂತೆಂದುಕೊಳ್ಳುವುದಿಲ್ಲ. ಅತ್ತೆ ಎದ್ದಿದ್ದಾರೆ, ಅಷ್ಟೆ. ಅವರಿಗೀಗ 78. ದೀಪ ಹಾಕಿದರೆ ನಮ್ಮ ನಿದ್ದೆ ಕೆಟ್ಟೀತೆಂದು ಕತ್ತಲಲ್ಲೇ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಆ ಸವರುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು.

ಒಂದು ದಿನ ಬೇಸತ್ತು ಡಾಕ್ಟರ ಬಳಿ ಕರೆದೊಯ್ದೆ. "ಪಾಪ, ಇವರಿಗೆ ನಿದ್ದೆಯೇ ಇಲ್ಲ. ಒಂದು ನಿದ್ದೆ ಮಾತ್ರೆ ಬರೆದುಕೊಡಿ" ಎಂದೆ. ಡಾಕ್ಟರು ನನ್ನನ್ನು ಬಿಟ್ಟು ಅವರನ್ನೇ ಕೇಳಿದರು: "ಏನಮ್ಮಾ, ನಿದ್ದೆ ಸಾಲದೆ ಆಯಾಸವಾಗುತ್ತಾ?"

"ನನಗೇನೂ ಕಷ್ಟವಿಲ್ಲಪ್ಪ. ಎಂಟಕ್ಕೆ ಮಲಗ್ತೀನಿ, ಎರಡೂವರೆಗೆ ಎಚ್ಚರ ಆಗುತ್ತೆ. ಮಧ್ಯಾಹ್ನ ಒಂದೂವರೆ ಗಂಟೆ ಮಲಗ್ತೀನಲ್ಲ. ಇವಳಿಗೆ ತೊಂದರೆ ಅನ್ನೋದೇ ಯೋಚನೆ."

ನಾನು ತಲೆ ಎತ್ತಲಿಲ್ಲ. ಲೆಕ್ಕ ಹಾಕಿದರೆ ಎಂಟು ಗಂಟೆ ಆಗಿಯೇ ಹೋಗಿತ್ತು! 65 ದಾಟಿದವರಿಗೆ ಏಳೆಂಟು ಗಂಟೆ ಸಾಕಂತೆ. ವಯಸ್ಸಾದಂತೆ ನಿದ್ದೆ ತೆಳುವಾಗುತ್ತದೆ, ದೇಹದೊಳಗಿನ ಗಡಿಯಾರವೂ ಮುಂದಕ್ಕೆ ಓಡುತ್ತದೆ. ನಿದ್ದೆ ಮಾತ್ರೆಯ ಮಂಪರಿನಲ್ಲಿ ಮುದುಕರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ಡಾಕ್ಟರು ಅದನ್ನು ಬರೆಯಲಿಲ್ಲ. ರಾತ್ರಿ ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿದರು. ಸಂಜೆಯ ಕಾಫಿ ಬೇಡ, ಹಗಲು ನಿದ್ದೆ ಅರ್ಧ ಗಂಟೆ ಸಾಕು, ಸಂಜೆಯ ಬಿಸಿಲಲ್ಲಿ ಕೂರಲಿ, ರಾತ್ರಿ ಹತ್ತರವರೆಗೆ ಎದ್ದಿರಲಿ ಎಂದರು. ಗೊರಕೆಯ ನಡುವೆ ಉಸಿರು ಕಟ್ಟುವಂತಾದರೆ, ಮನಸ್ಸು ಮಂಕಾದರೆ ಮಾತ್ರ ತಡಮಾಡದೆ ಬನ್ನಿ ಎಂದೂ ಸೇರಿಸಿದರು.

ಕಾಫಿ ಬಿಡಿಸುವುದು ಸುಲಭವಾಯಿತು. ಬಚ್ಚಲ ದಾರಿಗೊಂದು ಸಣ್ಣ ದೀಪ ಹಾಕಿಸಿದ್ದಾಯಿತು. ಸಂಜೆ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುವ ಕೆಲಸವನ್ನು ಅವರೇ ಕೇಳಿ ವಹಿಸಿಕೊಂಡರು. ಕಷ್ಟವಾದದ್ದು ಹತ್ತು ಗಂಟೆಯವರೆಗೆ ಎಬ್ಬಿಸಿ ಕೂರಿಸುವುದು. ಎಂಟಕ್ಕೇ ಯಾಕೆ ಮಲಗುತ್ತಿದ್ದರೆಂದು ಆಗ ಹೊಳೆಯಿತು. ಊಟವಾದ ಮೇಲೆ ಮಕ್ಕಳು, ಇವರು, ನಾನು, ಎಲ್ಲರೂ ಒಂದೊಂದು ಫೋನು ಹಿಡಿದು ಕೂರುತ್ತೇವೆ. ಮಾತಾಡುವವರಿಲ್ಲದ ಮನೆಯಲ್ಲಿ ಮುದುಕಿ ಮಲಗದೆ ಇನ್ನೇನು ಮಾಡಬೇಕು?

ನನ್ನ ನಿದ್ದೆ ನನಗೆ ಬೇಕೆನ್ನುವುದು ತಪ್ಪೇ? ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟುವ ಹೆಂಗಸಿಗೆ ಯಾರೂ ಹಾಗೆ ಹೇಳಲಾರರು. ದಣಿದ ಕೈಯ ಸೇವೆಯಲ್ಲಿ ಪ್ರೀತಿ ಉಳಿಯುವುದೂ ಕಷ್ಟ. ನನ್ನ ತಪ್ಪು ಬೇರೆ. ನನ್ನ ಅಗತ್ಯಕ್ಕೆ ಅವರ ಕಾಯಿಲೆಯೆಂದು ಹೆಸರಿಟ್ಟೆ. "ಪಾಪ" ಎಂಬ ಮಾತಿನ ಹಿಂದೆ ಅಡಗಿಕೊಂಡು, ನನ್ನ ನೆಮ್ಮದಿಗಾಗಿ ಅವರ ಬಾಯಿಗೆ ಮಾತ್ರೆ ಹಾಕಹೊರಟಿದ್ದೆ. "ಅತ್ತೆ, ನನಗೆ ಎಚ್ಚರವಾಗುತ್ತೆ, ಏನು ಮಾಡೋಣ?" ಎಂದು ನೇರವಾಗಿ ಕೇಳಿದ್ದರೆ ಇಬ್ಬರೂ ಸೇರಿ ದಾರಿ ಹುಡುಕಬಹುದಿತ್ತು.

ಈಗ ರಾತ್ರಿ ಒಂದು ಗಂಟೆ ಅವರೊಡನೆ ಕೂರುತ್ತೇನೆ. ಹಳೆಯ ಮದುವೆಗಳ ಸುದ್ದಿ, ನೆಂಟರ ಜಗಳ, ಏನಾದರೊಂದು. ನಾಲ್ಕರವರೆಗೆ ಮಲಗುತ್ತಾರೆ, ಎದ್ದರೆ ದೀಪದ ಬೆಳಕಲ್ಲಿ ಓಡಾಡುತ್ತಾರೆ. ಕೆಲವು ದಿನ ಈಗಲೂ ನನಗೆ ಎಚ್ಚರವಾಗುತ್ತದೆ, ಸಿಟ್ಟೂ ಬರುತ್ತದೆ. ಆದರೆ ಅದು ನನ್ನ ಸಿಟ್ಟು, ಅವರ ಕಾಯಿಲೆಯಲ್ಲ ಎಂಬುದು ಗೊತ್ತಿದೆ.