ನಿಂಬೆಯ ಕಂಪು, ಈರುಳ್ಳಿಯ ಘಾಟು

ಶುಕ್ರವಾರ ಸ್ನಾನ ಮುಗಿಸಿ, ಒಗೆದ ಬಟ್ಟೆ ಧರಿಸಿ, ಮನೆಯಿಂದ ಹೊರಡುವ ಮುನ್ನ ನೀವು ಕಪಾಟಿನಲ್ಲಿರುವ ಸುಗಂಧದ ಸೀಸೆಗೆ ಕೈ ಚಾಚುತ್ತೀರಿ. ನಿಮ್ಮ ತಂದೆಯವರ ಕಾಲದಲ್ಲಿ ಅದು ಹತ್ತಿಯ ಉಂಡೆಗೆ ತಾಗಿಸಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವ ಅತ್ತರಾಗಿತ್ತು. ಈಗ ಹೆಚ್ಚಿನ ಮನೆಗಳಲ್ಲಿ ಒತ್ತಿದರೆ ಚಿಮ್ಮುವ ಸೀಸೆ ಇದೆ. ಮಕ್ಕಳಿಗೆ ಊದ್, ಕಸ್ತೂರಿಗಳ ಭಾರವಾದ ಪರಿಮಳ ಹಿಡಿಸುವುದಿಲ್ಲ. ನಿಂಬೆ, ಕಿತ್ತಳೆಗಳ ‘ಫ್ರೆಶ್’ ಕಂಪು ಬೇಕು. ಹಚ್ಚಿಕೊಂಡೊಡನೆ ನೀವು ಮಣಿಕಟ್ಟನ್ನು ಮೂಗಿಗೆ ಹಿಡಿದು ಒಂದು ತೀರ್ಪು ಕೊಡುತ್ತೀರಿ. ಚೆನ್ನಾಗಿದೆ, ಅಥವಾ ಚೆನ್ನಾಗಿಲ್ಲ. ಈ ಚಿಕ್ಕ ತೀರ್ಪಿನ ಕುರಿತು ನಿಮ್ಮೊಡನೆ ಸ್ವಲ್ಪ ಮಾತನಾಡಬೇಕಾಗಿದೆ. ಏಕೆಂದರೆ ನನ್ನ ಮೂಗು ಕೊಟ್ಟ ಇಂತಹದೇ ಒಂದು ತೀರ್ಪಿನಿಂದಾಗಿ ಒಬ್ಬ ಮನುಷ್ಯ ನಾಲ್ಕು ಶುಕ್ರವಾರ ಮಸೀದಿಗೆ ಬರಲಿಲ್ಲ.

ನಾನು ಚಾಮರಾಜನಗರದ ಒಂದು ಮದ್ರಸದಲ್ಲಿ ಅಧ್ಯಾಪಕ. ಕಳೆದ ಮುಂಗಾರಿನಲ್ಲಿ ಕೆಲವು ವಾರ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಯ ಒಂದು ಮಸೀದಿಯಲ್ಲಿ ಜುಮುಅ ಖುತ್ಬಾಕ್ಕೆ ಮುಂಚೆ ಅರ್ಧ ಗಂಟೆ ಪ್ರವಚನ ನೀಡುತ್ತಿದ್ದೆ. ಆ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ದಾರಿಯನ್ನು ನೋಡಿದವರಿಗೆ ಗೊತ್ತು. ಇಕ್ಕೆಲಗಳಲ್ಲಿ ಚೆಂಡುಹೂವಿನ ಹೊಲಗಳು. ಕೇರಳದಿಂದ ಬರುವ ಪ್ರವಾಸಿಗರು ವಾಹನ ನಿಲ್ಲಿಸಿ, ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದೇ ಮಣ್ಣಿನಲ್ಲಿ ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿಗಳೂ ಬೆಳೆಯುತ್ತವೆ. ಆ ಹೊಲಗಳಲ್ಲಿ ನಿಂತು ಯಾರೂ ಚಿತ್ರ ತೆಗೆಸಿಕೊಳ್ಳುವುದಿಲ್ಲ.

ಅಂದು ನನ್ನ ಅಂಗಿಯ ಮೇಲೆ ನಿಂಬೆಯ ಪರಿಮಳವಿತ್ತು. ಕೊಲ್ಲಿ ರಾಷ್ಟ್ರದಿಂದ ಮರಳಿದ ವಿದ್ಯಾರ್ಥಿಯೊಬ್ಬನ ತಂದೆ ಪ್ರೀತಿಯಿಂದ ಕೊಟ್ಟ ಸೀಸೆ ಅದು. ಪ್ರವಚನದ ವಿಷಯ ಶುಚಿತ್ವ. ಪ್ರವಾದಿವರ್ಯರು(ಸ) ಸುಗಂಧವನ್ನು ಪ್ರೀತಿಸುತ್ತಿದ್ದುದನ್ನೂ, ಯಾರಾದರೂ ಸುಗಂಧ ನೀಡಿದರೆ ಬೇಡವೆನ್ನದೆ ಸ್ವೀಕರಿಸುತ್ತಿದ್ದುದನ್ನೂ ಹೇಳಿದೆ. ಬಳಿಕ ಈರುಳ್ಳಿ, ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂಬ ಹದೀಸನ್ನು ವಿವರಿಸಿದೆ. ಮನುಷ್ಯರಿಗೆ ಕಿರಿಕಿರಿಯಾಗುವುದು ದೇವಚರರಿಗೂ ಕಿರಿಕಿರಿಯಾಗುತ್ತದೆ ಎಂದೆ. ಮಾತು ಚೆನ್ನಾಗಿ ಬಂತೆಂದು ನನಗೇ ಅನಿಸಿತು. ಎರಡನೆಯ ಸಾಲಿನಲ್ಲಿ ನಲವತ್ತು ದಾಟಿದ ಒಬ್ಬರು ಕೂತಿದ್ದರು. ಅವರಿಂದ ಈರುಳ್ಳಿಯ ಘಾಟು ಬರುತ್ತಿತ್ತು. ಪ್ರವಚನ ಮುಗಿಸಿ ಸಾಲಿಗೆ ಬಂದಾಗ ಅವರ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗವಿತ್ತು. ನಾನು ಮಣಿಕಟ್ಟನ್ನು ಮೂಗಿನ ಬಳಿ ತಂದು, ಬೇರೆ ಕಡೆ ಹೋಗಿ ನಿಂತೆ. ಯಾರೂ ಗಮನಿಸಲಿಲ್ಲವೆಂದು ಭಾವಿಸಿದ್ದೆ.

ಒಂದು ತಿಂಗಳ ಬಳಿಕ ನಮ್ಮ ಮದ್ರಸದಲ್ಲಿ ಅದೇ ಹದೀಸಿನ ಪಾಠ ಬಂತು. ಹಾಸ್ಟೆಲಿನಲ್ಲಿದ್ದು ಓದುವ ಗುಂಡ್ಲುಪೇಟೆಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಉಸ್ತಾದ್, ಈರುಳ್ಳಿ ತಿಂದವರು ಮಾತ್ರವೋ, ಹೊತ್ತವರೂ ಬರಬಾರದೋ?”

ನಾನು ಉತ್ತರ ಕೊಟ್ಟುಬಿಟ್ಟೆ. ತಿಂದವರು ಎಂದೇ ಹದೀಸಿನಲ್ಲಿದೆ, ಆದರೆ ಹಿಂದಿನ ಕೆಲವು ವಿದ್ವಾಂಸರು ಕಸುಬಿನ ಕಾರಣದಿಂದ ಮೈಗೆ ದುರ್ವಾಸನೆ ಹತ್ತಿದವರನ್ನೂ ಇದರೊಡನೆ ಸೇರಿಸಿ ಚರ್ಚಿಸಿದ್ದಾರೆ ಎಂದೆ. ಗ್ರಂಥದ ಮಟ್ಟಿಗೆ ಉತ್ತರ ಸರಿಯಾಗಿಯೇ ಇತ್ತು. ಹುಡುಗನ ಮುಖ ನೋಡಿದ ಮೇಲೆಯೇ, ಯಾಕೆ ಕೇಳಿದೆ ಎಂದು ವಿಚಾರಿಸಿದ್ದು. ಅವನ ತಂದೆ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುವವರು.

ಓದುಗರೇ, ಉದಾಸೀನದಿಂದ ಮೂರು ಜುಮುಅಗಳನ್ನು ಬಿಡುವವನ ಹೃದಯದ ಬಗ್ಗೆ ಎಂತಹ ಕಠಿಣ ಎಚ್ಚರಿಕೆಯಿದೆಯೆಂದು ನಿಮಗೆ ತಿಳಿದಿದೆ. ಅವರು ನಾಲ್ಕು ಬಿಟ್ಟಿದ್ದರು, ಉದಾಸೀನದಿಂದ ಖಂಡಿತ ಅಲ್ಲ. ಹಾಗಾದರೆ ಆ ನಾಲ್ಕು ಶುಕ್ರವಾರಗಳು ಯಾರ ಲೆಕ್ಕಕ್ಕೆ ಬರೆಯಲ್ಪಟ್ಟಿರಬಹುದು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನನ್ನ ಮೂಗು ಅಂದು ಏನನ್ನು ಅಳೆಯಿತು ಎಂದು ಬಳಿಕ ಯೋಚಿಸಿದೆ. ನಿಂಬೆಯ ವಾಸನೆ ‘ಶುದ್ಧ’, ಈರುಳ್ಳಿಯದು ‘ಕೊಳಕು’ ಎಂದು ನಮಗೆ ಹೇಳಿಕೊಟ್ಟವರು ಯಾರು? ಎರಡೂ ನೆಲದಿಂದಲೇ ಬಂದವು, ಎರಡೂ ನಮ್ಮ ಅಡಿಗೆಮನೆಯಲ್ಲಿವೆ. ಕಿತ್ತಳೆಯ ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಲಿಮೊನೀನ್ ಎಂಬ ಒಂದೇ ವಸ್ತು. ಅದು ಜಿಡ್ಡನ್ನು ಕರಗಿಸುತ್ತದೆಯಾದ್ದರಿಂದ ನೆಲ ಒರೆಸುವ, ಯಂತ್ರ ತೊಳೆಯುವ ದ್ರವಗಳಲ್ಲೂ ಬಳಕೆಯಾಗುತ್ತದೆ. ಪಾತ್ರೆ ತಿಕ್ಕುವ ಸಾಬೂನಿಗೂ ನಿಂಬೆಯ ವಾಸನೆಯನ್ನೇ ಸೇರಿಸುತ್ತಾರೆ. ಹೀಗೆ ತೊಳೆದ ಪಾತ್ರೆಯೂ ನಿಂಬೆಯ ವಾಸನೆಯೂ ನಮ್ಮ ಮನಸ್ಸಿನಲ್ಲಿ ಒಂದಾಗಿಬಿಟ್ಟಿವೆ. ಆ ವಾಸನೆ ಹೊತ್ತು ಬಂದವನು ತೊಳೆದವನು, ಹೊರದವನು ತೊಳೆಯದವನು ಎಂದು ಮೂಗು ನಮ್ಮನ್ನು ಕೇಳದೆಯೇ ನಿರ್ಧರಿಸುತ್ತದೆ. ಕನ್ನಡ ಬಿ.ಎ. ಓದುವಾಗ ನಾನು ಗಮನಿಸಿದ್ದೊಂದಿದೆ: ‘ವಾಸನೆ’ ಎಂಬ ಪದದಲ್ಲಿ ಮೂಲತಃ ಕೆಟ್ಟದ್ದೇನೂ ಇಲ್ಲ. ಆದರೆ ನಮ್ಮ ಆಡುಮಾತಿನಲ್ಲಿ ಯಾರನ್ನಾದರೂ ‘ವಾಸನೆ ಬರುತ್ತಾನೆ’ ಎಂದರೆ ಅದು ಬೈಗುಳವೇ. ಅದನ್ನು ಹೆಚ್ಚಾಗಿ ಕೂಲಿಯವರ ಬಗ್ಗೆಯೇ ಹೇಳುತ್ತೇವೆ.

ನಿಂಬೆ ಜಾತಿಯ ಸುಗಂಧದ ಚರಿತ್ರೆಯೂ ಸ್ವಾರಸ್ಯವಾಗಿದೆ. ಜರ್ಮನಿಯ ಕಲೋನ್ ನಗರದಲ್ಲಿ 1709ರಲ್ಲಿ ಆರಂಭವಾದ ಫರೀನಾ ಎಂಬ ಇಟಲಿ ಮೂಲದವರ ಮಳಿಗೆಯಿಂದ ಅದು ಪ್ರಖ್ಯಾತವಾಯಿತು. ನಮ್ಮ ಹಿರಿಯರು ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆಯಲ್ಲಿ ಹಾಕುತ್ತಿದ್ದ ‘ಓಡಿಕೋಲನ್’ ಇದರ ವಂಶದ್ದೇ. ತುರ್ಕಿಯ ಮುಸ್ಲಿಮರು ಇದನ್ನು ಅತಿಥಿ ಸತ್ಕಾರವನ್ನಾಗಿ ಮಾಡಿಕೊಂಡರು. ಅಲ್ಲಿ ಮನೆಗೆ ಬಂದವರ, ದೂರದ ಬಸ್ಸಿನಲ್ಲಿ ಕುಳಿತವರ ಅಂಗೈಗೆ ನಿಂಬೆಯ ಕಲೋನ್ ಸುರಿಯುವ ವಾಡಿಕೆಯಿದೆ. ಬಡವ, ಬಲ್ಲಿದ ಎನ್ನದೆ ಎಲ್ಲರ ಕೈಗೂ ಸುರಿಯುತ್ತಾರೆ. (ಮದ್ಯಸಾರ ಬೆರೆತ ಸುಗಂಧದ ಬಗ್ಗೆ ನೀವು ಕೇಳುವಿರೆಂದು ಗೊತ್ತು. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ದೂರವಿರುವವರು ಇರಲಿ, ಬಳಸುವವರ ನಮಾಝನ್ನು ಅವರು ತೂಗಲು ಹೋಗದಿರಲಿ.)

ಈ ಜಾತಿಯ ಸುಗಂಧಕ್ಕೆ ಒಂದು ದೌರ್ಬಲ್ಯವಿದೆ. ಅದರ ಕಣಗಳು ಬಹಳ ಹಗುರ, ಬೇಗ ಹಾರಿಹೋಗುತ್ತವೆ. ಒಂದು ಗಂಟೆ ಕಳೆಯುವಷ್ಟರಲ್ಲಿ ನಿಂಬೆ ಮಾಯವಾಗಿರುತ್ತದೆ. ಈರುಳ್ಳಿಯ ಗಂಧಕದ ಅಂಶವಾದರೋ ಸಾಬೂನಿಗೂ ಬಗ್ಗದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾದುದು. ಒಂದೇ ವಾಸನೆಯ ನಡುವೆ ಸ್ವಲ್ಪ ಹೊತ್ತಿದ್ದರೆ ನಮ್ಮ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಆದ್ದರಿಂದ ಸುಗಂಧ ಹಚ್ಚಿಕೊಂಡವನಿಗೇ ತನ್ನ ಸುಗಂಧ ತಿಳಿಯುವುದಿಲ್ಲ, ತಿಳಿಯಲಿಲ್ಲವೆಂದು ಇನ್ನಷ್ಟು ಸುರಿದುಕೊಳ್ಳುತ್ತಾನೆ. ಮೂಟೆ ಹೊರುವವನಿಗೂ ತನ್ನ ಈರುಳ್ಳಿ ತಿಳಿಯುವುದಿಲ್ಲ. ಪಕ್ಕದವನ ಮುಖ ನೋಡಿಯೇ ಅವನು ಅರಿಯಬೇಕು. ನನ್ನ ಮುಖವನ್ನು ನೋಡಿ ಆ ಮನುಷ್ಯ ಅರಿತರು.

ಹಾಗೆಂದು ವಾಸನೆಯೇ ಲೆಕ್ಕಕ್ಕಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಪಕ್ಕದವನಿಗೆ ತೊಂದರೆ ಕೊಡಬಾರದೆಂಬುದು ದೀನಿನ ಭಾಗವೇ. ಮದೀನಾದಲ್ಲಿ ಜನರು ಸ್ವತಃ ದುಡಿಯುತ್ತಿದ್ದರು, ದೂರದ ತೋಟಗಳಿಂದ ಧೂಳು, ಬೆವರಿನಲ್ಲೇ ಜುಮುಅಕ್ಕೆ ಬರುತ್ತಿದ್ದರು ಎಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಪ್ರವಾದಿವರ್ಯರು(ಸ) ಅವರಿಗೆ, ಈ ದಿನಕ್ಕಾಗಿ ನೀವು ಶುಚಿಯಾಗಿದ್ದರೆ ಎಷ್ಟು ಚೆನ್ನಿತ್ತು ಎಂಬಂತೆ ಹೇಳಿದರು. ಬೆವರಿನವರನ್ನು ಹೊರಗಿರಿ ಎನ್ನಲಿಲ್ಲ. ಸ್ನಾನದ ದಾರಿ ತೋರಿಸಿದರು. ಹಸಿ ಈರುಳ್ಳಿ ತಿನ್ನುವವನಿಗೆ ನಮಾಝ್ ಮುಗಿದ ಮೇಲೆ ತಿನ್ನುವ ಆಯ್ಕೆಯಿದೆ. ಕೂಲಿಯವನಿಗೆ ಅಂತಹ ಆಯ್ಕೆ ಎಲ್ಲಿದೆ? ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಸಂಚಾರಕ್ಕೆ ನಿಷೇಧವಿದೆ. ಪ್ರಾಣಿಗಳಿಗಾಗಿ ಮಾಡಿದ ಆ ಕಟ್ಟಳೆ ಒಳ್ಳೆಯದೇ. ಆದರೆ ಗೇಟು ಬೀಳುವ ಮುನ್ನ ಲಾರಿ ಕಾಡು ದಾಟಬೇಕಾದರೆ ಮಧ್ಯಾಹ್ನದಲ್ಲೇ ಮೂಟೆ ಏರುತ್ತಿರಬೇಕು. ಅದು ಜುಮುಅದ ಹೊತ್ತೂ ಹೌದು. ಪ್ರವಚನ ಕೊಡುವಾಗ ಇದೊಂದೂ ನನ್ನ ತಲೆಯಲ್ಲಿರಲಿಲ್ಲ.

ಹದೀಸಿನಲ್ಲಿ ನಿಂಬೆ ಜಾತಿಯ ಒಂದು ಹಣ್ಣಿನ ಹೆಸರೇ ಬಂದಿದೆ, ಉತ್ರುಜ್ಜ. ಕೆಲವರು ಅದನ್ನು ಕಿತ್ತಳೆ ಎಂದು ಅನುವಾದಿಸುತ್ತಾರೆ. ನಮ್ಮ ಮಾದಲ ಹಣ್ಣು ಅದಕ್ಕೆ ಸರಿಯಾದ ಹೆಸರು. ಕುರ್‌ಆನ್ ಓದುವ ಸತ್ಯವಿಶ್ವಾಸಿಯನ್ನು ಕಂಪು, ರುಚಿ ಎರಡೂ ಇರುವ ಮಾದಲಕ್ಕೆ ಹೋಲಿಸಲಾಗಿದೆ. ಓದದ ಸತ್ಯವಿಶ್ವಾಸಿ ಖರ್ಜೂರದಂತೆ, ಕಂಪಿಲ್ಲ, ಆದರೆ ಸಿಹಿ. ಕುರ್‌ಆನ್ ಓದುವ ಕಪಟಿಯಾದರೋ ಪರಿಮಳವಿದ್ದೂ ಕಹಿಯಾದ ಎಲೆ. ಇದನ್ನು ನಾನು ವರ್ಷ ವರ್ಷವೂ ಪಾಠ ಮಾಡುತ್ತೇನೆ, ನನ್ನನ್ನು ಮಾದಲದ ಸಾಲಿನಲ್ಲೇ ಇರಿಸಿಕೊಂಡು. ಈ ಬಾರಿ ಪುಸ್ತಕ ತೆರೆದಾಗ ಆ ಕಹಿ ಎಲೆಯ ಬಳಿ ಕಣ್ಣು ನಿಂತಿತು. ಉಪವಾಸಿಗನ ಬಾಯಿಯ ವಾಸನೆ ಅಲ್ಲಾಹನ ಬಳಿ ಕಸ್ತೂರಿಗಿಂತ ಮೇಲು ಎಂಬುದನ್ನೂ ನಾವು ರಮಝಾನಿನಲ್ಲಿ ಹೇಳುತ್ತೇವೆ, ಎಲ್ಲರೂ ತಲೆದೂಗುತ್ತೇವೆ. ನಮ್ಮ ಮೂಗಿನ ತೀರ್ಪಿಗೆ ಮೇಲಿನ ನ್ಯಾಯಾಲಯವೊಂದಿದೆ ಎಂದಲ್ಲವೇ ಅದರ ಅರ್ಥ? ಹಲಾಲ್ ಅನ್ನಕ್ಕಾಗಿ ಬೆನ್ನು ಬಗ್ಗಿಸಿದವನ ಬೆವರು ಅಲ್ಲಿ ಏನೆಂದು ತೂಗಲ್ಪಡುವುದೋ ನಾನು ಹೇಳಲಾರೆ.

ಮುಂದಿನ ಬುಧವಾರ ಗುಂಡ್ಲುಪೇಟೆಗೆ ಹೋಗಿ, ವಿಚಾರಿಸಿ ಅವರ ಮನೆ ತಲಪಿದೆ. ಕ್ಷಮೆ ಕೇಳುವ ಮಾತನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವರು ಅದಕ್ಕೆ ಎಡೆ ಕೊಡಲಿಲ್ಲ. “ತಪ್ಪು ನಿಮ್ಮದಲ್ಲ ಹಝ್ರತ್. ನನ್ನಿಂದಾಗಿ ನಾಲ್ಕು ಜನರ ನಮಾಝ್ ಕೆಡಬಾರದಲ್ಲ. ಮಂಡಿಯಲ್ಲೇ ಝುಹರ್ ಮಾಡುತ್ತಿದ್ದೆ” ಎಂದರು. ಅವರು ಹೇಳಿದ್ದು ದಖನಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹದೀಸನ್ನು ನಾನು ಬಾಯಿಪಾಠವಾಗಿ ಹೇಳಿದ್ದೆ. ಅವರು ಅದನ್ನು ತಮ್ಮ ಮೇಲೆ ಜಾರಿ ಮಾಡಿಕೊಂಡಿದ್ದರು.

ನಿಂಬೆಯ ಸೀಸೆಯನ್ನು ಅವರ ಕೈಗಿತ್ತೆ. ಮುಚ್ಚಳ ತೆಗೆದು ಮೂಸಿ ನಕ್ಕರು. ಮಂಡಿಯಲ್ಲಿ ಕೆಲಸ ಮುಗಿದ ಮೇಲೆ ಕೈಯ ಘಾಟು ಹೋಗಲೆಂದು ಹಿಂಡಿದ ನಿಂಬೆ ಹೋಳನ್ನೇ ಉಜ್ಜಿಕೊಳ್ಳುತ್ತಾರಂತೆ. “ಇದು ಅದೇ ಅಲ್ಲವೇ, ಸ್ವಲ್ಪ ದುಬಾರಿ” ಎಂದರು. ಬೇಡವೆನ್ನದೆ ಇಟ್ಟುಕೊಂಡರು.

ಶುಕ್ರವಾರ ಅವರು ಬಂದರು, ತಲೆಗೆ ನೀರು ಹಾಕಿಕೊಂಡು, ಅರ್ಧ ಒಣಗಿದ ಅಂಗಿಯಲ್ಲಿ. ಬಾಗಿಲ ಬಳಿಯ ಕೊನೆಯ ಸಾಲಿನಲ್ಲಿ ಕೂತರು. ನಾನು ಪ್ರವಚನ ಮುಗಿಸಿ ಹೋಗಿ ಅವರ ಪಕ್ಕದಲ್ಲಿ ಕೂತೆ. ನಿಂಬೆ ಇತ್ತು, ಅದರ ಕೆಳಗೆ ಈರುಳ್ಳಿಯೂ ಇತ್ತು. ಖುತ್ಬಾ ಆರಂಭವಾದಾಗ ಎರಡೂ ನನಗೆ ಚೆನ್ನಾಗಿ ತಿಳಿಯುತ್ತಿದ್ದವು. ನಮಾಝಿಗೆ ಎದ್ದು ಭುಜಕ್ಕೆ ಭುಜ ತಾಗಿಸಿ ನಿಂತಾಗ ಯಾವುದೂ ತಿಳಿಯುತ್ತಿರಲಿಲ್ಲ.